ದುಭಾಷಿಯ ತಪ್ಪೊಪ್ಪಿಗೆ

ಆ ದಿನ ಮೆರಾಕಿಗೆ ನಾಯಕರು ನಡೆದೇ ಬಂದರು.
ಕುದುರೆ ಬೇಡವೆಂದರಂತೆ. ಕಣಿವೆ ಹತ್ತುವಷ್ಟರಲ್ಲಿ
ಹಿಮ್ಮಡಿಯ ಗುಳ್ಳೆಯೊಡೆದು
ಎಡಗಾಲಿನ ಚೀಲ ಕೆಂಪಾಗಿತ್ತು.
ಶಾಲೆಯಂಗಳದಲ್ಲಿ ನಲವತ್ತು ಜನ,
ಐದು ಜುಟ್ಟಿನ ಉಣ್ಣೆಟೋಪಿಗಳಿಂದ ಜಡಿಮಳೆ
ಮುಖಕ್ಕೆ ತಾಗದೆ ತೊಟ್ಟಿಕ್ಕುತ್ತಿತ್ತು.
ಜೊತೆಗೆ ಎರಡು ನಾಯಿ, ಕಟ್ಟಿಹಾಕದ ಒಂದು ಚಮರಿಯ ಕರು.

ನಾನು ಇಲ್ಲಿಯ ಮೇಷ್ಟ್ರು. ರಾಜಧಾನಿಯ ಝೋಂಖಾ ಬಲ್ಲೆ,
ಬ್ರೋಕ್ಪಾಗಳ ಮಾತೂ ತಕ್ಕಮಟ್ಟಿಗೆ.
ಹತ್ತು ವರ್ಷ ಅವರ ಮಕ್ಕಳ ಮೂಗೊರೆಸಿದ್ದೇನೆ.
ಹಾಗಾಗಿ ದುಭಾಷಿ ನಾನೇ.

"ಪ್ರಜಾಪ್ರಭುತ್ವ" ಎಂದರು ನಾಯಕರು,
ನನ್ನ ಕಡೆ ನೋಡಿದರು.

ನನ್ನ ಗಂಟಿನಲ್ಲಿ ಆ ಪದವಿರಲಿಲ್ಲ.
ಯಜಮಾನನಿಲ್ಲದ ಮನೆ, ಎಂದೆ ಮೊದಲು.
ಮುದುಕರ ಮುಖ ಚಿಕ್ಕದಾಯಿತು.
ಅಲ್ಲಲ್ಲ, ಎಂದೆ.
ಚಳಿಗೆ ಮುಂಚೆ ಹಿಂಡನ್ನು ಯಾವತ್ತು ಕೆಳಗಿಳಿಸಬೇಕೆಂದು
ಒಲೆಯ ಸುತ್ತ ಕೂತು ಕಚ್ಚಾಡುತ್ತೀರಲ್ಲ,
ಮೂರು ರಾತ್ರಿ ಕಚ್ಚಾಡಿ,
ನಾಲ್ಕನೆಯ ಬೆಳಿಗ್ಗೆ ಒಪ್ಪದವನೂ
ತನ್ನ ಹಿಂಡನ್ನು ಅದೇ ದಾರಿಗೆ ಹೊಡೆಯುತ್ತಾನಲ್ಲ,
ಬೈದುಕೊಳ್ಳುತ್ತಲೇ,
ಅದು.

ನಾಯಕರು ಕಿವಿಯ ಬಳಿ ಬಗ್ಗಿದರು: ಒಂದು ಪದಕ್ಕೆ ಇಷ್ಟುದ್ದವೆ?
ಅದು ಅಷ್ಟು ಹೊತ್ತು ಹಿಡಿಯುತ್ತದೆ ಸಾಹೇಬರೆ, ಎಂದೆ.

ಹಿಂದಿನಿಂದ ಜುರ್ಮೆ ಎದ್ದ.
"ಆ ಒಪ್ಪದವನು ನಾನೇ.
ಹೋದ ವರ್ಷ ದಾರಿಯಲ್ಲೇ ಹಿಮ ಸುರಿಯಿತು,
ನನ್ನವು ಹನ್ನೊಂದು ಸತ್ತವು.
ನಾನು ಹೇಳಿದ್ದೇ ಸರಿಯಿತ್ತು.
ಅದಕ್ಕೇನಂತಾರೆ, ಕೇಳು."

ಕೇಳಿದೆ. ನಾಯಕರು ಬಹಳ ಹೊತ್ತು ಮಾತಾಡಲಿಲ್ಲ.
ಕರು ಬಂದು ಅವರ ಕೋಲನ್ನು ನೆಕ್ಕಿತು.
"ಈ ವರ್ಷವೂ ಹೋಗಿ ಒಲೆಯ ಹತ್ತಿರ ಕೂರಬೇಕು,
ಇನ್ನೂ ಗಟ್ಟಿಯಾಗಿ ಹೇಳಬೇಕು. ಅಷ್ಟೇ ನನಗೆ ಗೊತ್ತಿರುವುದು.
ನಾನೂ ಎರಡು ಸಲ ಸೋತವನು."
ಭಾರವನ್ನು ಬಲಗಾಲಿಗೆ ಬದಲಿಸಿದರು.
ಜನ ಆ ಕೆಂಪು ಚೀಲ ನೋಡಿದರು.
ಛಲಕ್ಕೆ ನಾನು ಪದ ಹುಡುಕಬೇಕಾಗಲಿಲ್ಲ.

ತಪ್ಪು ಮಾಡಿದ್ದು ಆಮೇಲೆ.

"ಕೇಳಿ ಇವರನ್ನು," ಎಂದರು ಪುಸ್ತಕ ಬಿಚ್ಚಿ,
"ಸಂತೋಷವೆಂದರೆ ಇವರಿಗೆ ಏನು?"

ಸಂತೋಷಕ್ಕೆ ಪದವಿತ್ತು. ಮಕ್ಕಳಿಗೂ ಗೊತ್ತಿರುವ ಪದ.
ಆದರೆ ಮುಂದಿನ ಸಾಲಲ್ಲಿ ಲೇಕಿ ಝೊಂಬಾ ಕೂತಿದ್ದಳು;
ಜೇಷ್ಠದ ಹೊಳೆ ಅವಳ ಮೊಮ್ಮಗನನ್ನು
ಶಾಲೆಯ ಚೀಲದ ಸಮೇತ ಒಯ್ದು
ಇನ್ನೂ ವರ್ಷ ತುಂಬಿರಲಿಲ್ಲ.
ಹಾಜರಿಯಲ್ಲಿ ಈಗಲೂ ಆ ಹೆಸರಿಗೆ ಬಂದಾಗ
ನನ್ನ ಬೆರಳು ನಿಲ್ಲುತ್ತದೆ.
ನಾಲಿಗೆ ಹೊರಳಿತು. ನಾನೇ ಹೊರಳಿಸಿದೆ:
"ನಿಮಗೆ ಏನು ಬೇಕು ಅಂತ ಕೇಳುತ್ತಿದ್ದಾರೆ."

ಸೇತುವೆ, ಅಂದಳು ಲೇಕಿ.
ಕೆಮ್ಮಿಗೆ ಔಷಧಿ, ಅಂದರು ಯಾರೋ.
ತೋಳ ಬಾರದ ಒಂದು ರಾತ್ರಿ.
ಉಪ್ಪು, ಈ ಬೆಲೆಗಲ್ಲ.
ಸೇತುವೆ, ಅಂದಳು ಲೇಕಿ ಮತ್ತೆ.

ಒಂದೊಂದನ್ನೂ ಇದ್ದ ಹಾಗೇ ಅವರ ಭಾಷೆಗೆ ದಾಟಿಸಿದೆ;
ವಾಪಸು ಬರುವ ದಾರಿಯಲ್ಲಿ ನಾನು ಸುಳ್ಳಾಡಲಿಲ್ಲ.
ಸಂತೋಷ ಎಂದು ಬರೆದು, ಗೆರೆ ಎಳೆದು,
ಅದರ ಕೆಳಗೆ ನಾಯಕರು ಬರೆದುಕೊಂಡರು:
ಸೇತುವೆ. ಔಷಧಿ. ತೋಳವಿಲ್ಲದ ರಾತ್ರಿ. ಉಪ್ಪು.
ಬರೆದದ್ದನ್ನು ಇನ್ನೊಮ್ಮೆ ಓದಿ
ಟೋಪಿ ತೆಗೆದರು. ಮಳೆ ಅವರ ಮುಖಕ್ಕೆ ಬಿತ್ತು.

ಸಂಜೆ ಅವರ ಹಿಮ್ಮಡಿಗೆ ಬೆಣ್ಣೆ ಸವರಿ ಬಂದ ಲೇಕಿ
ನನ್ನ ಬಾಗಿಲಲ್ಲಿ ನಿಂತಳು.
"ಮೇಷ್ಟ್ರೇ, ಅವರು ಕೇಳಿದ್ದು ಅದಲ್ಲ.
ಹುಡುಗಿಯಾಗಿದ್ದಾಗ ಎಂಟು ವರ್ಷ
ರಸ್ತೆ ಕೆಲಸದವರಿಗೆ ಅಡಿಗೆ ಮಾಡಿದ್ದೀನಿ.
ನನಗೆ ಝೋಂಖಾ ಬರುತ್ತೆ."
ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?
"ಕೇಳಿದ್ದು ಯಾವುದಾದರೂ," ಅಂದಳು,
"ನಾನು ಹೇಳುವುದು ಅದನ್ನೇ ತಾನೆ."

ಸೇತುವೆ ಇನ್ನೂ ಬಂದಿಲ್ಲ.
ಹೊಳೆಯ ಈ ದಡದಲ್ಲಿ ಎರಡು ಕಂಬ ನಿಂತಿವೆ;
ಆ ದಡದವು ಕಾಗದದಲ್ಲಿವೆಯಂತೆ.
ತಿಂಗಳಿಗೊಂದು ಅರ್ಜಿ, ಲೇಕಿ ಹೇಳುತ್ತಾಳೆ,
ನಾನು ಬರೆಯುತ್ತೇನೆ, ಈಗ ಒಂದಕ್ಷರವೂ ಹೊರಳಿಸದೆ.
ಇವತ್ತಿನದು ಮೂವತ್ತೊಂದನೆಯದು.

ಹೊರಗೆ ಚಳಿ ಇಳಿಯುತ್ತಿದೆ. ಪಕ್ಕದ ಮನೆಯ ಒಲೆಯಿಂದ
ಜುರ್ಮೆಯ ದನಿ ಕೇಳುತ್ತಿದೆ,
ಹೋದ ವರ್ಷಕ್ಕಿಂತ ಗಟ್ಟಿಯಾಗಿ.