ಎರಡು ಗಂಟಿನ ಹಗ್ಗ

ಕುಟ್ಟಯ್ಯನವರು ಮೊದಲು ಬಂದದ್ದು
ಮೂರು ಶೀಟು ಬೇಕು ಎಂದು.
ಕುಶಾಲನಗರದಲ್ಲಿ ಶೀಟು ಎಂದರೆ ತಾರ್ಪಾಲು,
ಕಾಫಿ ಕಣಕ್ಕೆ ಹಾಸುವ ನೀಲಿ, ಲಾರಿಗೆ ಹೊದಿಸುವ ಕಂದು.
ಕತ್ತರಿಸಿದೆ, ಅಂಚು ಮಡಿಚಿ ಹೊಲಿದೆ,
ಮೂಲೆ ಮೂಲೆಗೆ ಹಿತ್ತಾಳೆಯ ಕಣ್ಣು ಬಡಿದೆ.
ಶನಿವಾರ ಬಂದು ನೋಡಿ ಮೀಸೆಯೊಳಗೇ ನಕ್ಕರು:
‘ಜೈನಾಬಿ, ಹಡಗಿನವರ ಬಾಯಲ್ಲಿ ಶೀಟೆಂದರೆ
ಬಟ್ಟೆಯಲ್ಲ, ಬಟ್ಟೆಯನ್ನು ಹಿಡಿಯುವ ಹಗ್ಗ.’

ಎಂಥ ಜನವಪ್ಪ!
ಹಗ್ಗಕ್ಕೆ ಬಟ್ಟೆಯ ಹೆಸರಿಟ್ಟು ಸಮುದ್ರಕ್ಕೆ ಹೋಗುತ್ತಾರೆ.

ಪಲ್ಪರ್ ಶೆಡ್ಡಿನಲ್ಲಿ ಅವರ ದೋಣಿ,
ಎರಡು ಒಡಲು, ನಡುವೆ ಹಲಗೆಯ ಜಗಲಿ,
ನೊಗಕ್ಕೆ ಕಟ್ಟಿದ ಜೋಡೆತ್ತು, ಮುಖ ಮಾತ್ರ ಮೀನಿನದು.
ಮೂವತ್ತೊಂದು ವರ್ಷ ಬೇರೆಯವರ ಹಡಗಿನಲ್ಲಿ ಹಗ್ಗ ಎಳೆದು
ಈಗ ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಹೊರಟಿದ್ದಾರೆ.
ಒಬ್ಬರೇ.
ಮೊದಲು ಹಾರಂಗಿಯಲ್ಲಿ ಪರೀಕ್ಷೆ.

ಕ್ಯೂರಿಂಗ್ ವರ್ಕ್ಸಿನ ಬಿಲ್ಲಿನ ಬೆನ್ನಿಗೆ ನಕ್ಷೆ.
ಮೊದಲನೆಯದರಲ್ಲಿ ಹನ್ನೊಂದು ಹಗ್ಗ.
‘ಜೇಡವೂ ಇದರಲ್ಲಿ ಸಿಕ್ಕಿಬೀಳುತ್ತದೆ’ ಅಂದೆ.
ಮುಂದಿನ ವಾರ ಏಳು.
ಆಮೇಲೆ ಮುಂದಿನ ಸಣ್ಣ ಹಾಯಿಯನ್ನೇ ಕೈಬಿಟ್ಟರು,
ಅದರ ಜೊತೆ ಅದರ ಸಂಸಾರವೂ ಹೋಯಿತು.
ಉಳಿದದ್ದು ಮೂರು:
ಏರಿಸಲು ಒಂದು, ಬಿಗಿದು ಸಡಿಲಿಸಲು ಒಂದು,
ಗಾಳಿ ಹೆಚ್ಚಾದರೆ ಹಾಯಿ ಮಡಿಚಲು ಒಂದು.
ಮೂರೂ ರಾಟೆ ಹಾದು
ಕೂತಲ್ಲಿಗೇ, ಕೈಯ ಬುಡಕ್ಕೇ ಬರಬೇಕು.
ಹಸಿರು, ಕೆಂಪು, ಹಳದಿ ಎಂದರು.

‘ರಾತ್ರಿ?’ ಅಂದೆ.
ಸಂಜೆಯಾದರೆ ನನಗೆ ಕಪ್ಪು ದಾರ ಯಾವುದು, ನೀಲಿ ಯಾವುದು
ತಿಳಿಯುವುದಿಲ್ಲ ಈಗೀಗ.
ರೀಲಿನ ಬುಡಕ್ಕೆ ಬ್ಲೇಡಿನ ಗೀರು ಹಾಕಿಟ್ಟಿದ್ದೇನೆ,
ಬೆರಳೇ ಓದಿಕೊಳ್ಳುತ್ತದೆ.
ಹಾಗೇ ಹಗ್ಗದ ತುದಿಗಳಿಗೆ ಮೇಣದ ದಾರದಲ್ಲಿ
ಒಂದು ಗಂಟು, ಎರಡು ಗಂಟು, ಮೂರು ಗಂಟು ಹೊಲಿದೆ.
ಕಣ್ಣು ಮುಚ್ಚಿ ಮುಟ್ಟಿ ನೋಡಿದರು.
ಏನೂ ಹೇಳಲಿಲ್ಲ, ಮತ್ತೊಮ್ಮೆ ಮುಟ್ಟಿದರು.

ಇನ್ನೊಂದು ದಿನ ಟೀ ಕುಡಿಯುತ್ತ:
‘ಒಂಟಿ ಒಡಲಿನ ದೋಣಿ, ಗಾಳಿ ಮೀರಿದರೆ ವಾಲುತ್ತದೆ.
ಹಾಗೆ ಹೇಳಿಬಿಡುತ್ತದೆ.
ಇದು ವಾಲುವುದಿಲ್ಲ. ನೆಟ್ಟಗೆ ನಿಂತೇ ಇರುತ್ತದೆ,
ಮಗುಚುವವರೆಗೆ.’
ಅಂಥ ಗಂಡಸರನ್ನು ಬಲ್ಲೆ ಎನ್ನಬೇಕೆಂದಿದ್ದೆ.
ಬಾಯಲ್ಲಿ ದಾರವಿತ್ತು.

ಹುತ್ತರಿ ಕಳೆದ ಸೋಮವಾರ ಹಾರಂಗಿ.
ಸೆರಗಿನ ಮೇಲೆ ಕಿತ್ತಳೆ ಜಾಕೆಟ್ಟು ತೊಟ್ಟು
ಎಡ ಒಡಲಿನ ಮೇಲೆ ನಾನು, ಹೊಲಿಗೆ ತಾಳುತ್ತದೋ ನೋಡಲು.
ಅರ್ಧ ದಾರಿಗೆ ಬೆಟ್ಟದ ಸಂದಿನಿಂದ ಇಳಿಯಿತು,
ನೀರಿನ ಮೇಲೆ ಕಪ್ಪಗೆ ಓಡಿಬಂತು ಗಾಳಿ.
ದೋಣಿ ವಾಲಲಿಲ್ಲ. ನನ್ನ ಕೆಳಗಿನ ಹಲಗೆ ಮಾತ್ರ
ಹಗುರವಾಯಿತು.
ಕುಟ್ಟಯ್ಯನವರು ಮೂರು ಗಂಟಿನದನ್ನು ಮುಷ್ಟಿಗೆ ಸುತ್ತಿ
ಎಳೆದರು, ಎಳೆದರು, ಮಡಿಚಲೆಂದು.

ಗಾಳಿ ಬಂದಾಗ ತೂರಿಕೋ ಅನ್ನುವುದು ಕಣದವರ ಮಾತು.
ಕಣದಲ್ಲಿ ತಾರ್ಪಾಲು ಹಿಡಿದವಳಿಗೆ ಇನ್ನೊಂದೂ ಗೊತ್ತು:
ಗಾಳಿ ಕುಡಿದ ಬಟ್ಟೆ ಮಡಿಯುವುದಿಲ್ಲ,
ಮೊದಲು ಒಂದು ಮೂಲೆ ಬಿಡಬೇಕು.
ಜಗಲಿಯ ಮೇಲೆ ಹೊಟ್ಟೆ ಎಳೆದುಕೊಂಡು ಹೋಗಿ
ಬೆರಳಿಗೆ ಒಂದು ಗಂಟು ಸಿಕ್ಕಿತು. ಅದಲ್ಲ.
ಎರಡು.
ಹಲ್ಲಿನಿಂದ ಕಿತ್ತೆ, ಅಂದರೆ ಕಬ್ಬಿಣದ ಹಲ್ಲಿನಿಂದ.
ಹಾಯಿ ಪಟಪಟ ಬಡಿದುಕೊಂಡಿತು, ಬಿಡಿಸಿಕೊಂಡ ಕೋಳಿಯ ಹಾಗೆ.
ಹಲಗೆಗೆ ತೂಕ ಮರಳಿತು.

ದಡಕ್ಕೆ ಬರುವವರೆಗೂ ಮಾತಿಲ್ಲ.
ಅವರ ಅಂಗೈಯಲ್ಲಿ ಹಗ್ಗದ ಮೂರು ಸುತ್ತು
ಕೆಂಪಗೆ ಅಚ್ಚಾಗಿತ್ತು.
‘ಹೊಲಿಗೆ ತಾಳಿತು’ ಅಂದರು, ಅಷ್ಟೆ.

ಗುರುವಾರ ಅಂಗಡಿಗೆ ಬಂದರು. ಮತ್ತೊಂದು ಬಿಲ್ಲು, ಮತ್ತೊಂದು ನಕ್ಷೆ.
ಎರಡು ಗಂಟಿನ ಹಗ್ಗಕ್ಕೆ ಈಗ ಎರಡು ತುದಿ,
ಬಲ ಒಡಲಿಗೊಂದು, ಎಡ ಒಡಲಿಗೊಂದು.
ಯಾವ ಕಡೆ ಯಾರು ಕೂತರೂ ಕೈಗೆ ಸಿಗುತ್ತದೆ.
‘ಒಬ್ಬರೇ ಅಲ್ಲವೇ ಹೋಗುವುದು?’
ಟೇಪನ್ನು ನನ್ನ ಕಡೆ ಸರಿಸಿದರು.
‘ಎಷ್ಟು ಮೀಟರು ಹೆಚ್ಚು ಬೇಕು ನೋಡಿ.’
ಎಂಟು, ಅಂದೆ.
ಗಂಟು ಹೊಲಿಯಲು ಇನ್ನರ್ಧ.