ತಡೆ

ಓಟಕರ್ ಮುದುಕನಿಗೆ ತನ್ನ ಜಾವಾ ಕೇಳಿಸುವುದಿಲ್ಲವಂತೆ.
ಐವತ್ತಾರರ ಗಾಡಿ, ಎಂಬತ್ತೊಂದರ ಕಿವಿ.
"ಸೈಲೆನ್ಸರ್ ಬಿಚ್ಚು ವೆಂಡುಲಾ, ಬಾಯಿ ಬರಲಿ ಅದಕ್ಕೆ."

ಬಿಚ್ಚಿದೆ. ಒಳಗೊಳವೆಯ ತುಂಬ
ಹೋದ ವರ್ಷದ ಎಣ್ಣೆ, ಅದರ ಹಿಂದಿನ ವರ್ಷದ್ದು,
ಕಾಡಿಗೆಯಾಗಿ ಗಟ್ಟಿ ಕೂತಿತ್ತು.
ಕಾಸ್ಟಿಕ್ ಸೋಡಾದಲ್ಲಿ ರಾತ್ರಿಯಿಡೀ ನೆನೆಹಾಕಿದೆ,
ಕಾಳು ನೆನೆಹಾಕಿದ ಹಾಗೆ.
ಬೆಳಿಗ್ಗೆ ಮೂರು ತೂತು ಕೊರೆದೆ, ಎಂಟೆಂಟು ಮಿಲಿಮೀಟರು.
"ಕೇಳ್ತಾ?"
ಟ್ಯಾಂಕಿನ ಮೇಲೆ ಅಂಗೈ ಊರಿ ಇಲ್ಲವೆಂದ.
ಇನ್ನೂ ಮೂರು. ಇಲ್ಲ.
ಕೊನೆಗೆ ಕೊಳವೆಯನ್ನೇ ಎಳೆದು ಬೆಂಚಿನ ಮೇಲಿಟ್ಟೆ.

ಒದ್ದ.
ಜ್ನೋಯ್ಮೊದ ಆ ಓಣಿಯ ನಾಯಿಗಳೆಲ್ಲ ಎದ್ದವು.
ಎದುರು ಕಿಟಕಿಯಲ್ಲಿ ಯಾರೋ ಬೈಯುತ್ತಿದ್ದರು,
ನನಗೆ ಕಂಡದ್ದು ತುಟಿಯಷ್ಟೇ.
ಅವನ ಮುಖದಲ್ಲಿ ಹಲ್ಲಿಲ್ಲದ ಬೆಳಕು.

ಮೊದಲೇ ಹೇಳಿದ್ದೆ, ಕೂಗಿ ಹೇಳಿದ್ದೆ:
ಟೂ-ಸ್ಟ್ರೋಕಿಗೆ ಹೊಗೆಯ ದಾರಿಯಲ್ಲೊಂದು ತಡೆ ಬೇಕು,
ಅದಿಲ್ಲದಿದ್ದರೆ ಗದ್ದಲ ಉಳಿದು ಕಸುವು ಹೋಗುತ್ತದೆ ಅಂತ.
ದ್ರಾಕ್ಷಿತೋಟದ ಏರಿನಲ್ಲಿ ಗಾಡಿ ಏದುಸಿರು ಬಿಟ್ಟಿತು.
ಇಳಿದ. ಫಸ್ಟ್ ಗೇರಿನಲ್ಲೇ ಹಿಡಿದುಕೊಂಡು
ಪಕ್ಕದಲ್ಲಿ ನಡೆದ ಮೇಲಿನವರೆಗೂ,
ಕುಡಿದು ಕೂಗಾಡುವ ಗೆಳೆಯನನ್ನು
ಮನೆ ಮುಟ್ಟಿಸುವವನ ಹಾಗೆ.

ವಾಪಸು ಕೇಳಲು ಬಂದಿಲ್ಲ.
ಕೊಳವೆಯ ಆರು ತೂತುಗಳಲ್ಲಿ
ಈಗ ಪೆನ್ಸಿಲ್ ಸಿಕ್ಕಿಸುತ್ತೇನೆ.