ಕುಲಾವಿ ಹೂ

ಪೊಟ್ಟಣದ ಬೆನ್ನ ಮೇಲೆ ಬರೆದಿತ್ತು:
ಬುಡಕ್ಕೆ ನೆರಳು, ತುದಿಗೆ ಬಿಸಿಲು.
ಇದ್ಯಾವ ಸೀಮೆಯ ಬಳ್ಳಿ ಎಂದು ನಗು ಬಂತು,
ತಲೆಗೊಂದು ಹವೆ, ಕಾಲಿಗೊಂದು ಹವೆ ಕೇಳುವುದು.
ಆದರೆ ನ್ಯೂ ಮಾಲ್ಡನ್ನಿನ ನನ್ನ ಹಿತ್ತಿಲು ಇರುವುದೇ ಹಾಗೆ:
ಹತ್ತೂವರೆಗೆ ಬೇಲಿಯ ನೆತ್ತಿಗೆ ತಾಗಿದ ಬಿಸಿಲನ್ನು
ಒಂದು ಗಂಟೆಗೆ ಪಕ್ಕದ ಸಿಕಮೋರ್ ಮರ
ಮಡಚಿ ಒಳಗಿಟ್ಟುಕೊಳ್ಳುತ್ತದೆ.

ಬೀಜ ನಶ್ಯದಷ್ಟು ಹಗುರ. ಉಸಿರು ಬಿಗಿಹಿಡಿದು ಉದುರಿಸಿದೆ.
ಮೊದಲ ವರ್ಷ ಎದ್ದ ಏಳರಲ್ಲಿ ನಾಲ್ಕು
ಬಸವನಹುಳುವಿನ ಪಾಲು.
ಎರಡನೆಯ ವರ್ಷ ಮೂರು ನೂಲು; ಹೊಲಿಗೆಯ ದಾರಕ್ಕೂ
ಅವಕ್ಕಿಂತ ಹೆಚ್ಚು ಬೆನ್ನೆಲುಬಿದೆ.
ಮೂರನೆಯ ವರ್ಷ ಹರಿದ ಬ್ಯಾಡ್ಮಿಂಟನ್ ಬಲೆ ಕಟ್ಟಿದೆ.
ಬಲೆಯ ಕಣ್ಣು ಕಣ್ಣಿಗೂ ಒಂದು ಸುತ್ತು ಹಾಕಿ
ಜುಲೈ ಹೊತ್ತಿಗೆ ನನ್ನ ಭುಜ ದಾಟಿದವು.

ಆಗಲೇ ಶುರುವಾದದ್ದು ನಾತ.
ನರಿ ಬಂದು ಹೋಗಿದೆ ಅಂದುಕೊಂಡೆ. ಈ ಊರಿನ ನರಿಗೆ
ಬಸ್ಸಿನ ವೇಳಾಪಟ್ಟಿಯೂ ಗೊತ್ತು.
ಅತ್ತಿಗೆ ಕಳಿಸಿದ ಬ್ಯಾಡಗಿ ಮೆಣಸಿನ ಪುಡಿಯನ್ನು
ಎರಡು ವಾರ ಬೇಲಿಯುದ್ದಕ್ಕೂ ಚೆಲ್ಲಿದೆ.
ನರಿ ಕೆಮ್ಮಲಿಲ್ಲ. ನಾನು ಕೆಮ್ಮಿದೆ.

ಬೇಲಿಯಾಚೆಯ ಪಾಕ್ ಬುನ್‌ರೇ, ಹನ್ನೊಂದು ವರ್ಷ
ಕಸದ ಡಬ್ಬಿ ಯಾವತ್ತು ಹೊರಗಿಡಬೇಕೆಂಬುದಷ್ಟೇ ನಮ್ಮ ಮಾತು,
ಒಂದು ಸಂಜೆ ಕೈ ಚಾಚಿ ಎಲೆಯೊಂದನ್ನು ಹೊಸಕಿ
ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು.
"ದೊದೊಕ್," ಎಂದಳು. ಮತ್ತೆ, ನನಗಲ್ಲ,
ಎಲೆಗೆ: "ದೊದೊಕ್."

ಬೇರು ತಿನ್ನುತ್ತಾರಂತೆ. ಕೈಯಲ್ಲೇ ತೋರಿಸಿದಳು:
ಸಿಪ್ಪೆ ಸುಲಿ, ಕೋಲಲ್ಲಿ ಬಡಿ,
ಕೆಂಪು ಮೆಣಸು ಸವರು, ಕೆಂಡಕ್ಕಿಡು.
"ಮೂರು ವರ್ಷ?" ಬೆರಳೆಣಿಸಿ, "ಈಗ ಸರಿ."
ಹಿತ್ತಲ ಗಿಡ ಮದ್ದಲ್ಲ ಎನ್ನುವ ಊರಿನವಳು ನಾನು.
ಮದ್ದೂ ಹೌದು, ಊಟವೂ ಹೌದು ಎಂದು ಬೇಲಿಯಾಚೆಯಿಂದ ಕೇಳಿದರೆ
ಏನನ್ನಲಿ? ಹೂ, ಎಂದೆ. ಹೂವಿಗೆ ಹಾಕಿದ್ದು.
ಹೂವೇ! ಎಂದು ನಕ್ಕಳು. ಆಕೆಯ ಗುಡ್ಡದಲ್ಲಿ
ಮೂಗು ಮುಂದೆ, ಗುದ್ದಲಿ ಹಿಂದೆ;
ಹೂವಿನ ತನಕ ಕಾಯಲು ಹಸಿವಿಗೆಲ್ಲಿ ಪುರುಸೊತ್ತು.

ಆಗಸ್ಟ್ ಕೊನೆಗೆ ಬಿಟ್ಟಿತು. ಹೊರಗಿಂದ ಏನಿಲ್ಲ:
ಮಾಸಲು ಹಸಿರು, ಕೂಸಿನ ಕುಲಾವಿಯ ಆಕಾರ,
ತಲೆ ತಗ್ಗಿಸಿದ ಗಂಟೆ.
ನಾನು ಕನ್ನಡಕದ ಅಂಗಡಿಯಲ್ಲಿ ದಿನಕ್ಕೆ ಹದಿನೆಂಟು ಜನರ
ಕಣ್ಣಿನೊಳಗೆ ದೀಪ ಹಾಯಿಸುವವಳು. ಪೆನ್ ಟಾರ್ಚ್ ತಂದೆ.
ಬುನ್‌ರೇಯ ಮಂಡಿ ಬಾಗದು,
ಬಕೆಟ್ ಬೋರಲು ಹಾಕಿ ಕೂರಿಸಿದೆ.
ಗಲ್ಲ ಹಿಡಿದೆತ್ತುವಂತೆ ಹೂವನ್ನೆತ್ತಿದೆ.
ಒಳಗೆ ನೇರಳೆ ನರಗಳು, ನೇರಳೆ ಚುಕ್ಕಿ, ನಡುವೆ ನಕ್ಷತ್ರದಂಥದ್ದೇನೋ;
ಪೊರೆ ತೆಗೆಸಿದ ಆಕೆಯ ಎಡಗಣ್ಣು
ಹತ್ತಿರ, ಇನ್ನೂ ಹತ್ತಿರ.
ತುಂಬ ಹೊತ್ತು ಮಾತಿಲ್ಲ. ಆಮೇಲೆ
ಎಷ್ಟು ಕಿತ್ತೆವೋ ಎಂದಳೋ, ಎಷ್ಟು ತಿಂದೆವೋ ಎಂದಳೋ,
ಆಕೆಯ ಇಂಗ್ಲಿಷೂ ನನ್ನದೂ
ಅಲ್ಲಿ ಸ್ವಲ್ಪ ತೊದಲಿದವು.

ಅಕ್ಟೋಬರ್. ಬಳ್ಳಿ ಹಳದಿಯಾಗಿ ಬಲೆಯಿಂದ ಕಳಚಿಕೊಂಡಿತು.
ಮೂರರಲ್ಲಿ ಒಂದನ್ನು ನಾನೇ ಅಗೆದೆ.
ಹೆಬ್ಬೆರಳ ಗಾತ್ರ, ಸುಕ್ಕು ಸುಕ್ಕು, ಮುರಿದಲ್ಲಿ ಹಾಲು;
ಎರಡು ದಿನ ಬೆರಳೆಲ್ಲ ಅಂಟು.
ಬಳ್ಳಿಗೆ ಕಾಯಿ ಭಾರವಲ್ಲವಂತೆ. ಬೇರು? ಕೇಳಿದವರಿಲ್ಲ.
ನರಿಗೆ ಚೆಲ್ಲಿ ಉಳಿದ ಬ್ಯಾಡಗಿ ಪುಡಿಯನ್ನೇ ಆಕೆ ಕಲಸಿ ಸವರಿದಳು.
ಮೊದಲು ಕಹಿ, ಆಮೇಲೆ ಮಣ್ಣು, ಕಡೆಗೆ ಒಂದು ಬಗೆಯ ಸಿಹಿ.
ನನಗೆ ಅಷ್ಟೇನೂ ಹಿಡಿಸಲಿಲ್ಲ.
ಎರಡು ಸಲ ಹಾಕಿಸಿಕೊಂಡೆ.

ಉಳಿದೆರಡರ ಜಾಗ ಮರೆಯದಿರಲೆಂದು
ಆಕೆ ಊಟದ ಉಕ್ಕಿನ ಕಡ್ಡಿಗಳನ್ನು ನೆಲಕ್ಕೆ ಚುಚ್ಚಿ ಹೋದಳು,
ಒಂದೊಂದಕ್ಕೆ ಒಂದೊಂದು.
ಚಳಿಗಾಲವೆಲ್ಲ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದವು.
ಒಂದನ್ನು ನರಿ ಎತ್ತಿಕೊಂಡು ಹೋಯಿತು, ನಿಜವಾದ ನರಿ.
ಇನ್ನೊಂದರ ಬುಡದಲ್ಲಿ, ಈ ಏಪ್ರಿಲ್ ಬೆಳಿಗ್ಗೆ,
ನೂಲಿನಂಥದ್ದು ಎದ್ದು
ನುಣುಪು ಉಕ್ಕಿಗೆ ಒಂದು ಸುತ್ತು ಹಾಕಿ, ಜಾರಿ,
ಮತ್ತೆ ಹಾಕುತ್ತಿದೆ.